ಒಂದರ ಕೀಲಿ

ಕೊಲಾಬಾ ಬಸ್ಸು ತಿರುಗುವಲ್ಲಿ
ಕಿಟಕಿಯಾಚೆ ನೋಡದೆ ಕೂರುವುದನ್ನು ಇವತ್ತಿಗೂ ಕಲಿತಿಲ್ಲ ನಾನು.
ಇಪ್ಪತ್ತನಾಲ್ಕು ಮಾಳಿಗೆ. ಒಂದರಲ್ಲೂ ಕುರ್ಚಿಯಿಲ್ಲ.
ಗಾಜು ಉದುರಿದ ಕಡೆ ಪ್ಲೈವುಡ್ಡು,
ಪ್ಲೈವುಡ್ಡು ಕೊಳೆತ ಕಡೆ ಆಕಾಶ.
ವಾಸಕ್ಕೆ ಯೋಗ್ಯವೆಂಬ ಸರ್ಟಿಫಿಕೇಟು ಸಿಕ್ಕಿದ್ದು ಹದ್ದುಗಳಿಗೆ ಮಾತ್ರ.

ಮುಂದಿನ ಸೀಟಿನ ಹುಡುಗ ಗೆಳತಿಗೆ ಹೇಳುತ್ತಾನೆ:
ಟೈಪಿಂಗ್ ತಪ್ಪಿನಿಂದ ಹುಟ್ಟಿದ ಟವರು ಅದು, ಗೊತ್ತಾ,
ಪರವಾನಗಿ ಇದ್ದದ್ದು ಹದಿನಾಲ್ಕಕ್ಕೆ,
ಯಾವಳೋ ಒಬ್ಬಳು ಇಪ್ಪತ್ತನಾಲ್ಕು ಕುಟ್ಟಿಬಿಟ್ಟಳು.
ಅವಳು ನಗುತ್ತಾಳೆ.
ನಾನೂ ಸ್ವಲ್ಪ ನಗುತ್ತೇನೆ, ಮರ್ಯಾದೆಗೆ.

ಯಾವಳೋ ಒಬ್ಬಳು ಎಂದರೆ
ಇಂದುಮತಿ ಕೋಟ್ಯಾನ್, ಕೆಳದರ್ಜೆ ಟೈಪಿಸ್ಟ್,
ಕಟ್ಟಡ ಮಂಜೂರಾತಿ ವಿಭಾಗ,
ಫ್ಯಾನಿನ ಗಾಳಿ ತಲುಪದ ಮೇಜು.
ಡೊಂಬಿವಲಿಯಿಂದ ಏಳು ಹದಿನೆಂಟರ ಫಾಸ್ಟು,
ಸೆರಗಿನ ತುದಿಗೆ ಸದಾ ಕಾರ್ಬನ್ನಿನ ನೀಲಿ.
ನಮ್ಮ ಭಾಷೆಯಲ್ಲಿ ನನ್ನ ಕಸುಬಿಗೂ ಬೆರಳಚ್ಚು,
ಕಳ್ಳ ಬಿಟ್ಟುಹೋಗುವ ಗುರುತಿಗೂ ಬೆರಳಚ್ಚು.
ಆಯೋಗದ ಎದುರು ನಿಂತ ದಿನ
ಅದು ಯಾಕೆಂದು ತಿಳಿಯಿತು.

ಬಿಲ್ಡರನ ವಕೀಲ ಬಹಳ ಕರುಣೆಯ ಮನುಷ್ಯ.
"ಬಡ ಹೆಂಗಸು, ಮೈ ಲಾರ್ಡ್. ಮನೆಯಲ್ಲಿ ಜ್ವರದ ಮಗು.
ಬೆರಳು ಜಾರಿತು. ನನ್ನ ಕಕ್ಷಿದಾರರು
ಸರ್ಕಾರಿ ಕಾಗದ ನಂಬಿ ಕಟ್ಟಿದರು.
ನಂಬುವುದು ಅಪರಾಧವೇ?"
ನನಗೆ ಆಗ ಮಗುವೇ ಇರಲಿಲ್ಲ.
ಕೈಯೆತ್ತಿದೆ. ಕೇಳಿದಷ್ಟಕ್ಕೆ ಉತ್ತರ ಕೊಡು ಎಂದರು.
ಯಾರೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ:
ಆ ಹಳೆಯ ಮಷೀನಿನಲ್ಲಿ ಒಂದರ ಕೀಲಿಯೇ ಇರಲಿಲ್ಲ ಸ್ವಾಮಿ.
ಅಂಕಿಗಳ ಸಾಲು ಎರಡರಿಂದ ಶುರು.
ಒಂದು ಬೇಕೆಂದರೆ ಸಣ್ಣ ಎಲ್ ಅಕ್ಷರ ಹೊಡೆಯಬೇಕು,
ಬಲಗೈ ಉಂಗುರದ ಬೆರಳು, ನಡುಸಾಲಿನ ಆ ತುದಿ.
ಎರಡು ಎಡಗೈಯದು, ಮೇಲುಸಾಲಿನ ಈ ತುದಿ.
ನಡುವೆ ಇಡೀ ಇಂಗ್ಲಿಷು ಇದೆ.
ಅಷ್ಟು ದೂರ ಬೆರಳು ಜಾರುವುದಿಲ್ಲ.
ಅಷ್ಟು ದೂರ ಹೋಗಲು
ಗಾಡಿ ಬೇಕು, ರಾತ್ರಿ ಬೇಕು,
ಕಪಾಟಿಗೆ ಇನ್ನೊಂದು ಬೀಗದ ಕೈ ಬೇಕು.

ಒಂಬತ್ತು ತಿಂಗಳು ಅರ್ಧ ಸಂಬಳ.
ಕೆಡವಿ ಎಂದಿತು ಒಂದು ಪೀಠ, ತಡೆಯಿರಿ ಎಂದಿತು ಇನ್ನೊಂದು.
ವಿಮಾ ಕಂಪನಿಯೊಂದು ಪರದೆ ತೂಗುಹಾಕಿ
ಹೆದರಿ ಬಿಚ್ಚಿಕೊಂಡು ಹೋಯಿತು.
ಬಿಲ್ಡರ್ ತೀರಿಕೊಂಡ. ಮಕ್ಕಳು ಆಸ್ತಿಯಂತೆಯೇ
ಮೊಕದ್ದಮೆಯನ್ನೂ ಪಾಲು ಮಾಡಿಕೊಂಡರು.
ಮೂರನೆಯ ಕಾರ್ಬನ್ ಪ್ರತಿ, ಹದಿನಾಲ್ಕು ಎಂದಿದ್ದದ್ದು,
ಗೆದ್ದಲು ತಿಂದಿತೆಂದು ದಾಖಲಾಯಿತು.
ಉಕ್ಕಿನ ಕಪಾಟಿನೊಳಗೆ ಗೆದ್ದಲು.

ನನ್ನನ್ನು ಹುಡುಕಿಕೊಂಡು ಬಂದವಳು ಒಬ್ಬಳೇ,
ಹಿರಾಬಾಯಿ ತಾಂಡೇಲ್, ಅರ್ಜಿದಾರಳು ಸಂಖ್ಯೆ ಮೂರು.
ಮಧ್ಯಾಹ್ನ ಮೂರಕ್ಕೆಲ್ಲ ಟವರಿನ ನೆರಳು
ಅವಳ ಬೊಂಬಿಲ್ ಒಣಗುವ ಗಳುಗಳ ಮೇಲೆ.
ಹೆಜ್ಜೆ ಹಾಕಿ ಅಳೆದಿದ್ದಳು:
ಹದಿನಾಲ್ಕು ಮಾಳಿಗೆಯ ನೆರಳು ರಸ್ತೆಯಲ್ಲೇ ನಿಲ್ಲುತ್ತಿತ್ತು,
ಮಿಕ್ಕ ಹತ್ತು ಅವಳ ಮೀನಿನ ಮೇಲೆ ಬಿದ್ದು
ಹುಳ ಹಿಡಿಸುತ್ತಿತ್ತು.
"ಯಾವ ಬೆರಳು? ತೋರಿಸು" ಎಂದಳು ಮರಾಠಿಯಲ್ಲಿ.
ಎರಡೂ ತೋರಿಸಿದೆ.
ತಿರುಗಿಸಿ ನೋಡಿದಳು, ಮಾರುಕಟ್ಟೆಯಲ್ಲಿ
ಕಿವಿರು ಎತ್ತಿ ನೋಡುವ ಹಾಗೆ.
"ಇಷ್ಟು ಸಣ್ಣದರಿಂದ ಅಷ್ಟು ದೊಡ್ಡದು ಹುಟ್ಟಲ್ಲ.
ಆರು ಹೆತ್ತವಳು ನಾನು."
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಒಂದೂ ಎರಡೂ ಅಕ್ಕಪಕ್ಕ.
ಈಗ ಯಾರಿಗೆ ಹೇಳಿದರೂ
ವಕೀಲನೇ ನಿಜ.

ಸಂಜೆ ಎಲ್ಲೋ ನಡುಮಾಳಿಗೆಯಲ್ಲಿ ಒಂದೇ ದೀಪ,
ಕಾವಲಿನ ರಾಮಶಬ್ದ್ ರೊಟ್ಟಿ ಸುಡುತ್ತಿರಬೇಕು.
ಕೆಳಗಿನಿಂದ ಎಣಿಸುತ್ತ ಹೋಗುತ್ತೇನೆ,
ಮಡಿಲಲ್ಲಿನ ಚೀಲದ ಮೇಲೆ ಬೆರಳು ತಾನಾಗಿ ಕುಟ್ಟುತ್ತದೆ:
ಬಲ ಉಂಗುರಬೆರಳು, ಎಡ ತೋರುಬೆರಳು.
ಹದಿನಾಲ್ಕು.
ಅಷ್ಟರಲ್ಲಿ ಬಸ್ಸು ತಿರುಗುತ್ತದೆ.